ಸಿಮೆಂಟಿನ ಕೆನೆ

ನಮ್ಮಣ್ಣ ಬೀದಿಯ ತಿರುವಿಗೆ ಬಂದದ್ದು ನಮಗೆ ಅವನ ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು. ಕೆಮ್ಮು ಕೇಳಿದೊಡನೆ ಅತ್ತಿಗೆ ಟೀಗೆ ನೀರಿಡುತ್ತಿದ್ದರು, ನಾನು ಹೊಲಿಗೆ ಮಷೀನು ನಿಲ್ಲಿಸಿ ಬಾಗಿಲು ತೆಗೆಯುತ್ತಿದ್ದೆ. ಒಳಗೆ ಬಂದವನ ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಬೂದುಬಣ್ಣ. "ಎಲ್ಲಿಂದ ಬಂದ್ಯೋ ಮಹರಾಯ, ಹಿಟ್ಟಿನ ಗಿರಣಿಯಿಂದಲಾ?" ಎಂದು ರೇಗಿಸಿದರೆ, "ಹಿಟ್ಟಾಗಿದ್ರೆ ತಿನ್ನಬಹುದಿತ್ತು ಕಣೇ" ಎನ್ನುತ್ತಿದ್ದ. ಇಷ್ಟು ಹೇಳಿ ನಗಲು ಹೋದರೆ ಮತ್ತೆ ಕೆಮ್ಮು.

ನನ್ನ ನಾಲಿಗೆ ಸರಿಯಿಲ್ಲ ಎಂದು ನೆಂಟರೆಲ್ಲ ಹೇಳುತ್ತಾರೆ. ಇರಬಹುದು. ಅಣ್ಣ ಹೋಗಿ ವರ್ಷಗಳಾದರೂ ಅವನ ವಿಷಯ ಬಂದರೆ ನನ್ನ ಬಾಯಿಗೆ ಲಗಾಮು ಇರುವುದಿಲ್ಲ. ಸಿಹಿಯಾಗಿ ಹೇಳುವವರು ಬೇಕಿದ್ದರೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನಾನು ಮದುವೆ ಮುರಿದುಕೊಂಡು ಬಂದು ಅವನ ಮನೆಯ ಮೇಲಿನ ಕೋಣೆಯಲ್ಲಿ ಬಟ್ಟೆ ಹೊಲಿದುಕೊಂಡು ಇದ್ದವಳು. ನಡೆದದ್ದನ್ನೆಲ್ಲ ಆ ಮನೆಯ ಮೆಟ್ಟಿಲ ಮೇಲೆ ಕೂತೇ ಕಂಡೆ, ಕೇಳಿದೆ.

ಅಣ್ಣನ ಕೆಲಸ ಕಾಂಕ್ರೀಟಿಗೆ ಬಣ್ಣ ಹಾಕುವುದು. ಮನೆಯ ಗೋಡೆಗೆ ಬಳಿಯುತ್ತಾರಲ್ಲ, ಆ ಬಣ್ಣ ಬೇರೆ. ಇದು ಕಾರ್ಖಾನೆಯ ನೆಲ, ಆಸ್ಪತ್ರೆಯ ಕಾರಿಡಾರು, ನೀರಿನ ಟ್ಯಾಂಕಿನ ಒಳಮೈ, ಇಂಥ ಕಡೆ ಹಾಕುವ ದಪ್ಪನೆಯ ಎಪಾಕ್ಸಿ ಕೋಟಿಂಗು. ಎರಡು ಡಬ್ಬಿಯದನ್ನು ಬೆರೆಸಿದ ಗಳಿಗೆಯಿಂದಲೇ ಅದು ಗಟ್ಟಿಯಾಗತೊಡಗುತ್ತದೆ. ಕೈ ತಡವಾದರೆ ಬಕೆಟ್ಟಿನಲ್ಲೇ ಕಲ್ಲು. ಸರಿಯಾಗಿ ಕೂತರೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಮೇಲೆ ಗಾಡಿ ಓಡಾಡಿದರೂ ಜಗ್ಗುವುದಿಲ್ಲ. ಅಣ್ಣನ ಕೈಕೆಳಗೆ ಒಂದು ತಂಡವಿತ್ತು. ಅವನು ಮಾಡಿದ ನೆಲ ಎಂದರೆ ಮತ್ತೆ ತಿರುಗಿ ನೋಡಬೇಕಾಗಿಲ್ಲ ಎನ್ನುವ ಮಾತಿತ್ತು. ಅವನಿಗೆ ಆಸ್ತಿ ಎಂದು ಇದ್ದದ್ದೇ ಆ ಮಾತು.

ಆದರೆ ಬಣ್ಣ ಹಾಕುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ನೆಲವನ್ನು ಉಜ್ಜಬೇಕು, ಅದೇ ಜೀವ ಹಿಂಡುವುದು. ಕಾಂಕ್ರೀಟು ಸುರಿದು ಮಟ್ಟ ಮಾಡುವಾಗ ನೀರು ಮೇಲಕ್ಕೆ ಬರುತ್ತದೆ. ನೀರಿನ ಜೊತೆ ಸಿಮೆಂಟಿನ ಹಾಲೂ ಬಂದು, ಒಣಗಿದ ಮೇಲೆ ತೆಳ್ಳನೆಯ ಸಿಪ್ಪೆಯಾಗಿ ಕೂರುತ್ತದೆ. ಅಣ್ಣ ಅದನ್ನು ಕೆನೆ ಎನ್ನುತ್ತಿದ್ದ. ನೋಡಲು ನುಣುಪು, ಒಳಗೆ ಪೊಳ್ಳು. ಉಗುರಿನಿಂದ ಗೀರಿದರೆ ಬಿಳಿ ಪುಡಿ ಬರುತ್ತದೆ. ಆ ಕೆನೆಯ ಮೇಲೆ ಬಣ್ಣ ಹಾಕಿದರೆ ಬಣ್ಣವೇನೋ ಕೆನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಆದರೆ ಕೆನೆಗೆ ಕೆಳಗಿನ ನೆಲದ ಹಿಡಿತವಿರುವುದಿಲ್ಲ. ಸ್ವಲ್ಪ ದಿನದಲ್ಲಿ ಎರಡೂ ಜೊತೆಯಾಗಿ ಎದ್ದು ಬರುತ್ತವೆ. ಅದಕ್ಕೇ ಮಷೀನು ಹಾಕಿ ನೆಲವನ್ನೆಲ್ಲ ಉಜ್ಜಿ ಕೆನೆ ತೆಗೆಯಬೇಕು. ಆಗ ಏಳುವ ಧೂಳಿದೆಯಲ್ಲ, ಅದನ್ನೇ ನಮ್ಮಣ್ಣ ಅಷ್ಟು ವರ್ಷ ಉಸಿರಾಡಿದ್ದು. ಮುಖಕ್ಕೆ ಕಟ್ಟುವ ಮಾಸ್ಕು ಇತ್ತು, ಇಲ್ಲವೆನ್ನುವುದಿಲ್ಲ. ಬೆವರು ಸುರಿದು ಉಸಿರು ಕಟ್ಟಿದಾಗ ಯಾರು ತಾನೇ ಅದನ್ನು ಕೊರಳಿಗೆ ಇಳಿಸಿಕೊಳ್ಳುವುದಿಲ್ಲ?

ಅತ್ತಿಗೆ ಬಂದ ಹೊಸತರಲ್ಲಿ ನಮ್ಮ ಬಚ್ಚಲಿನ ನೆಲ ಹೊಸದಾಗಿ ಮಾಡಿಸಿದ್ದೆವು. ಹೊಸ ಹೆಂಡತಿಯನ್ನು ಸುತ್ತಾಡಿಸಲು ಕರೆದುಕೊಂಡು ಹೋಗುವುದು ಬಿಟ್ಟು ಈ ಮನುಷ್ಯ ಅವರ ಕೈಗೊಂದು ತಂತಿ ಬ್ರಷ್ಷು ಕೊಟ್ಟು ಬಚ್ಚಲಲ್ಲಿ ಕೂರಿಸಿದ. "ಬಿಳಿ ಪುಡಿ ಬರೋದು ನಿಲ್ಲೋ ತನಕ ಉಜ್ಜು. ಕೆನೆ ಮೇಲೆ ಬಣ್ಣ ಹಾಕಿದವನು ಉದ್ಧಾರ ಆಗಲ್ಲ." ಪಾಪ, ಅವರು ಸೆರಗು ಸಿಕ್ಕಿಸಿಕೊಂಡು ಉಜ್ಜಿದ್ದೇ ಉಜ್ಜಿದ್ದು. ಅತ್ತಿಗೆಯ ಗುಣವೇ ಹಾಗೆ, ಒಂದು ಸಲ ಹೇಳಿದರೆ ಮುಗಿಯಿತು, ಜನ್ಮಕ್ಕೂ ಮರೆಯುವುದಿಲ್ಲ. ಪಾತ್ರೆ ತೊಳೆದರೂ ಅದರ ತಳ ತಿರುಗಿಸಿ ನೋಡಿ ಇಡುವ ಹೆಂಗಸು.

ಆಮೇಲೆ ಅಣ್ಣ ಬಣ್ಣ ಕೊಳ್ಳುತ್ತಿದ್ದ ಕಂಪನಿಯಲ್ಲೇ ಅತ್ತಿಗೆಗೆ ಕೆಲಸ ಸಿಕ್ಕಿತು. ಪರೀಕ್ಷಾ ಕೋಣೆಯಲ್ಲಿ ಕಾಂಕ್ರೀಟಿನ ಸಣ್ಣ ಚಪ್ಪಡಿಗಳನ್ನು ಅಚ್ಚಿಗೆ ಸುರಿದು, ನೀರಲ್ಲಿಟ್ಟು ಹದಮಾಡಿ, ಒಣಗಿಸಿ ಕೊಡುವುದು. ಅವುಗಳ ಮೇಲೆ ಕೆಮಿಸ್ಟು ಹೊಸ ಹೊಸ ಬಣ್ಣ ಹಚ್ಚುತ್ತಿದ್ದರು. ಬಣ್ಣ ಗಟ್ಟಿಯಾದ ಮೇಲೆ ಅದಕ್ಕೆ ಲೋಹದ ಒಂದು ಬಿಲ್ಲೆ ಅಂಟಿಸಿ, ಸಣ್ಣ ಯಂತ್ರ ಕೂರಿಸಿ ಮೇಲಕ್ಕೆ ಎಳೆಯುವುದು. ಬಿಲ್ಲೆಯ ಜೊತೆ ಬರೀ ಬಣ್ಣ ಕಿತ್ತುಬಂದರೆ ಬಣ್ಣ ಫೇಲು. ಕಾಂಕ್ರೀಟಿನ ಚೂರೇ ಕಿತ್ತುಬಂದರೆ ಬಣ್ಣ ಪಾಸು, ಏಕೆಂದರೆ ಕಲ್ಲು ಒಡೆಯಿತೇ ಹೊರತು ಹಿಡಿತ ಬಿಡಲಿಲ್ಲ. ಎಳೆಯುವ ಕೆಲಸವೂ ಅತ್ತಿಗೆಯದೇ. ಮನೆಗೆ ಬಂದಾಗ ನಾನು "ಇವತ್ತು ಎಷ್ಟು ಕಿತ್ರಿ ಅತ್ತಿಗೆ?" ಎಂದರೆ, "ನಿನ್ನ ನಾಲಿಗೆ ಒಂದು ಬಾಕಿ ಇದೆ" ಎನ್ನುತ್ತಿದ್ದರು. ಆಗೆಲ್ಲ ನಗುವ ಮನೆಯಾಗಿತ್ತು ಅದು.

ಅಣ್ಣನ ಕೆಮ್ಮು ಜೋರಾದ ವರ್ಷ ಡಾಕ್ಟರು ಎದೆಯ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯವರಲ್ಲ ಅವರು. "ಈ ಧೂಳು ಒಳಗೆ ಹೋದ್ರೆ ವಾಪಸ್ ಬರಲ್ಲ. ಇನ್ನು ಉಜ್ಜೋ ಕೆಲಸ ಬಿಡಿ" ಎಂದುಬಿಟ್ಟರು. "ಬಿಟ್ಟು ಏನ್ ಮಾಡ್ಲಿ ಸಾರ್? ಉಜ್ಜದೆ ಬಣ್ಣ ಹಾಕೋದು ಹೇಗೆ?" ಎಂದ ಅಣ್ಣ. ಅದು ಡಾಕ್ಟರು ಉತ್ತರ ಕೊಡುವ ಪ್ರಶ್ನೆಯಲ್ಲ. ಅವತ್ತಿನಿಂದ ಅತ್ತಿಗೆಯ ಮುಖದಲ್ಲಿ ನಗು ಹೋಯಿತು. ಕೆಮ್ಮು ಕೇಳಿದಾಗಲೆಲ್ಲ ಮಾಡುತ್ತಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದರು.

ಆಗಲೇ ಬಂದದ್ದು ಆ ನ್ಯಾನೋ ಪ್ರೈಮರು.

ಬಣ್ಣಕ್ಕಿಂತ ಮುಂಚೆ ಹಚ್ಚುವ ನೀರಿನಂಥ ಪದಾರ್ಥ ಅದು. ಅದರಲ್ಲಿ ಮರಳಿನ ಅಂಶವನ್ನೇ ಕಣ್ಣಿಗೂ ಕಾಣದಷ್ಟು, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣ ಕಣ ಮಾಡಿ ಸೇರಿಸಿದ್ದರಂತೆ. ಆ ಕಣಗಳು ಕಾಂಕ್ರೀಟಿನ ರಂಧ್ರಗಳಿಗೆ ಇಳಿದು, ಅಲ್ಲಿರುವ ಸುಣ್ಣದ ಜೊತೆ ಸೇರಿ ಗಟ್ಟಿಯಾಗಿ, ಮೇಲಿನ ಬಣ್ಣಕ್ಕೆ ಬೇರು ಕೊಡುತ್ತವಂತೆ. ಪೊಳ್ಳು ಕೆನೆಯೇ ಕಲ್ಲಾಗುತ್ತದೆ, ಇನ್ನು ನೆಲ ಉಜ್ಜುವ ಮಷೀನೇ ಬೇಡ, ಇದು ಕಂಪನಿಯ ಮಾತು. ಅತ್ತಿಗೆ ಊಟಕ್ಕೆ ಕೂತಾಗ ಇದನ್ನೆಲ್ಲ ವಿವರಿಸಿದರು. "ಕಣ್ಣಿಗೆ ಕಾಣದ್ದನ್ನ ಡಬ್ಬಿಗೆ ತುಂಬಿ ಮಾರ್ತಾರಾ? ಒಳ್ಳೇ ವ್ಯಾಪಾರ. ಖಾಲಿ ಡಬ್ಬಿ ಕೊಟ್ರೂ ಯಾರಿಗೂ ಗೊತ್ತಾಗಲ್ಲ" ಎಂದೆ ನಾನು. ಅಣ್ಣನೂ ಮೂಗು ಮುರಿದ. "ಬಣ್ಣದ ಕಂಪನಿಯವರು ಇವತ್ತು ನೆಲ ಉಜ್ಜೋದು ಬೇಡ ಅಂತಾರೆ, ನಾಳೆ ಬಣ್ಣ ಹಾಕೋದೇ ಬೇಡ ಅಂತಾರೆ. ಕಿತ್ತು ಬಂದಾಗ ಬಂದು ನಿಲ್ಲೋವ್ರು ಯಾರು?"

ಮಾರನೆಯ ವಾರ ಅತ್ತಿಗೆ ಸೀರೆಯ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದು ಅಣ್ಣನ ಮುಂದೆ ಬಿಚ್ಚಿದರು. ಎಳೆದ ಬಿಲ್ಲೆಗಳು. ಪ್ರತಿಯೊಂದರ ತಳಕ್ಕೂ ಕಾಂಕ್ರೀಟಿನ ದಪ್ಪ ಚೂರು, ಜಲ್ಲಿಕಲ್ಲಿನ ಸಮೇತ, ಕಚ್ಚಿಕೊಂಡಿತ್ತು. ಅಣ್ಣ ಅವನ್ನು ತಿರುಗಿಸಿ ಮುರುಗಿಸಿ ನೋಡಿದ, ಹೆಬ್ಬೆರಳಿನಿಂದ ತಿಕ್ಕಿದ. ಪುಡಿ ಬರಲಿಲ್ಲ.

"ಇದು ಉಜ್ಜದೆ ಇರೋ ಚಪ್ಪಡೀನಾ?"

"ಮಷೀನ್ ಮುಟ್ಟಿಸಿಲ್ಲ. ನಾನೇ ಮಾಡಿದ್ದು, ನಾನೇ ಎಳೆದಿದ್ದು."

"ಎಲ್ಲಾನೂ ಹೀಗೇನಾ?"

"ಎಲ್ಲಾನೂ ಹೀಗೇ. ಒಂದೂ ಬಿಟ್ಟಿಲ್ಲ ರೀ. ನನ್ನ ಮಾತು ಕೇಳಿ, ಇನ್ನು ಆ ಧೂಳಿಗೆ ಹೋಗ್ಬೇಡಿ. ನಿಮ್ಮ ದಮ್ಮಯ್ಯ ಅಂತೀನಿ."

ಅಣ್ಣ ಬಹಳ ಹೊತ್ತು ಬಿಲ್ಲೆಯನ್ನು ಅಂಗೈಯಲ್ಲಿ ಆಡಿಸುತ್ತಾ ಕೂತಿದ್ದ. "ಕಂಪನಿ ಮಾತು ನಾನು ನಂಬಲ್ಲ. ನೀನು ಎಳೆದು ನೋಡಿದ್ದೀಯಲ್ಲ, ಅದಕ್ಕೆ ಒಪ್ಪಿದೆ" ಎಂದ. ನನ್ನ ಎದುರಿಗೇ ನಡೆದದ್ದು ಇದು. ಇಬ್ಬರೂ ಒಂದಕ್ಷರ ಸುಳ್ಳಾಡಲಿಲ್ಲ.

ಆ ಪ್ರೈಮರು ಹಾಕಿ ಮಾಡಿದ ಮೊದಲ ದೊಡ್ಡ ಕೆಲಸ ಊರಾಚೆಯ ಹಾಲಿನ ಕಾರ್ಖಾನೆಯ ನೆಲ. "ಹಾಲಿನವರ ಮನೇಲಿ ಕೆನೆ ತೆಗೀದೆ ಕೆಲಸ ಮಾಡ್ತಿದ್ದೀನಿ ನೋಡು" ಎಂದು ಅಣ್ಣನೇ ತಮಾಷೆ ಮಾಡಿದ. ನೆಲ ಗುಡಿಸಿದರು, ಒರೆಸಿದರು, ಪ್ರೈಮರು ಹಚ್ಚಿದರು, ಮೇಲೆ ಬಣ್ಣ ಎಳೆದರು. ಧೂಳಿಲ್ಲ, ಮಷೀನಿನ ಕಿರುಚಾಟವಿಲ್ಲ. ಆ ದಿನಗಳಲ್ಲಿ ಅವನು ಮನೆಗೆ ಬಂದದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ಬಂದು ಬಾಗಿಲು ಬಡಿಯುತ್ತಿದ್ದ. ಹುಬ್ಬು ಕಪ್ಪಗಿರುತ್ತಿತ್ತು. ಅತ್ತಿಗೆ ಅವನ ಮುಖವನ್ನು ಕದ್ದು ಕದ್ದು ನೋಡುತ್ತಿದ್ದರು, ಹೊಸ ಮದುಮಗಳ ಹಾಗೆ. ನನಗೂ ಖುಷಿಯೇ. ಆದರೂ ಬಾಯಿ ಸುಮ್ಮನಿರಬೇಕಲ್ಲ, "ಮನೆಯೊಳಗೆ ಯಾರೋ ಅಪರಿಚಿತ ಗಂಡಸು ಬಂದಿದ್ದಾನೆ ಅತ್ತಿಗೆ, ಬೂದಿನೇ ಇಲ್ಲ" ಎಂದು ಕೂಗುತ್ತಿದ್ದೆ.

ಕೆಲವೇ ತಿಂಗಳು. ಹಾಲಿನ ಕಾರ್ಖಾನೆಯಲ್ಲಿ ದಿನವೂ ನೆಲಕ್ಕೆ ಬಿಸಿನೀರು ಹೊಡೆದು ತೊಳೆಯುತ್ತಾರೆ, ಕ್ರೇಟು ತುಂಬಿದ ಗಾಡಿಗಳನ್ನು ಎಳೆಯುತ್ತಾರೆ. ಮೊದಲು ಬಾಗಿಲ ಹತ್ತಿರ ಒಂದು ಗುಳ್ಳೆ ಎದ್ದಿತಂತೆ. ಆಮೇಲೆ ಅಂಚು ಬಿಟ್ಟಿತು. ಒಬ್ಬ ಕೆಲಸಗಾರ ಅಂಚು ಹಿಡಿದು ಎಳೆದರೆ ಚಾಪೆ ಸುತ್ತಿದ ಹಾಗೆ ಬಣ್ಣ ಸುತ್ತಿಕೊಂಡು ಬಂತಂತೆ.

ಅಣ್ಣನನ್ನು ಕರೆಸಿದರು. ಅವನು ತಂಡದವರನ್ನೂ ಕರೆದುಕೊಂಡು ಹೋದ, ಸಣ್ಣಪುಟ್ಟ ರಿಪೇರಿ ಇರಬಹುದು ಎಂದುಕೊಂಡು. ಅಲ್ಲಿಯ ಮ್ಯಾನೇಜರು ಕಿತ್ತ ಬಣ್ಣದ ಒಂದು ಹಾಳೆಯನ್ನು ಅವನ ಕಾಲ ಬಳಿ ಎಸೆದರು. ಹಾಳೆಯ ಹಿಂಬದಿಗೆ ಪೂರ್ತಿ ಬಿಳಿ ಪುಡಿ. "ಇದೇನಾ ನೀವು ಮಾಡಿದ ಕೆಲಸ? ನೆಲ ಉಜ್ಜಿಲ್ಲ, ಏನಿಲ್ಲ, ಕಸದ ಮೇಲೆ ಬಣ್ಣ ಬಳಿದು ಹೋಗಿದ್ದೀರಿ. ಮೋಸಗಾರ!" ತಂಡದವರ ಮುಂದೆ, ಕಾರ್ಖಾನೆಯ ಹೆಂಗಸರ ಮುಂದೆ, ಕ್ರೇಟು ಹೊರುವವರ ಮುಂದೆ. ಬಣ್ಣದ ಕಂಪನಿಯಿಂದಲೂ ಇಬ್ಬರು ಬಂದಿದ್ದರು. ಅವರು ಬಗ್ಗಿ ನೋಡಿ, ಬಿಳಿ ಪುಡಿ ಬೆರಳಿಗೆ ಹಚ್ಚಿಕೊಂಡು, "ಮೇಲ್ಮೈ ತಯಾರಿ ಸರಿಯಾಗಿಲ್ಲ. ತಪ್ಪು ಹಾಕಿದವರದು, ಪ್ರೈಮರಿನದಲ್ಲ" ಎಂದು ಹೇಳಿ ಕೈ ತೊಳೆದುಕೊಂಡರು. ಉಜ್ಜುವುದು ಬೇಡ ಎಂದವರೂ ಇವರೇ, ಉಜ್ಜಲಿಲ್ಲ ಎಂದವರೂ ಇವರೇ!

ಈ ಕಸುಬಿನ ಲೋಕ ಅಂಗೈಯಗಲ. ವಾರದೊಳಗೆ ಮಾತು ಎಲ್ಲ ಕಡೆ ಹಬ್ಬಿತು. ಮುಂಚೆ ಒಪ್ಪಿದವರು ಕೆಲಸ ಬೇಡವೆಂದರು. ತಂಡದವರು ಎಷ್ಟು ದಿನ ಕಾಯುತ್ತಾರೆ, ಒಬ್ಬೊಬ್ಬರಾಗಿ ಬೇರೆಯವರ ಕಡೆ ಹೋದರು. ಅಣ್ಣ ಕೊನೆಗೆ ಇನ್ನೊಬ್ಬರ ಕೈಕೆಳಗೆ ಕೂಲಿಗೆ ಹೋದ. ಅಲ್ಲಿ ಅವನಿಗೆ ಕೊಟ್ಟ ಕೆಲಸ ಯಾವುದು ಅಂತೀರಿ? ನೆಲ ಉಜ್ಜುವುದು. ಬಣ್ಣ ಮುಟ್ಟಲು ಅವನನ್ನು ಯಾರೂ ಬಿಡಲಿಲ್ಲ. ಯಾವ ಧೂಳಿನಿಂದ ತಪ್ಪಿಸಬೇಕೆಂದು ಅತ್ತಿಗೆ ದಮ್ಮಯ್ಯ ಎಂದಿದ್ದರೋ ಅದೇ ಧೂಳು, ಈಗ ಬೆಳಗಿನಿಂದ ಸಂಜೆಯ ತನಕ.

ಅದಕ್ಕಿಂತ ನನಗೆ ಸಂಕಟವಾಗಿದ್ದು ಬೇರೆ. ಅವನು ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದ. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು, "ಆವತ್ತು ನೆಲದಲ್ಲಿ ಪಸೆ ಇತ್ತೇನೋ" ಎನ್ನುತ್ತಿದ್ದ. ಇನ್ನೊಂದು ದಿನ, "ಬೆರೆಸುವಾಗ ಅವಸರ ಮಾಡಿದೆ ಅನ್ಸುತ್ತೆ." ಮತ್ತೊಂದು ದಿನ, "ನನ್ನ ಕೈಯೇ ಕೆಟ್ಟಿತು ಬಿಡು." ಮ್ಯಾನೇಜರು ಅಂದ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಟೀ ಲೋಟ ಹಿಡಿದು ಸುಮ್ಮನೆ ಕೂತಿದ್ದವನು ಇದ್ದಕ್ಕಿದ್ದ ಹಾಗೆ, "ಮೋಸ ಮಾಡಿಲ್ಲ ಸಾರ್ ನಾನು" ಎಂದು ಗೋಡೆಗೆ ಹೇಳುತ್ತಿದ್ದ. ಅವನಿಗೆ ಬೇಕಿದ್ದದ್ದು ಆ ಒಬ್ಬ ಮನುಷ್ಯ ಆ ಒಂದು ಮಾತನ್ನು ವಾಪಸು ತೆಗೆದುಕೊಳ್ಳುವುದು, ಅಷ್ಟೇ.

ಅಣ್ಣನಿಗೆ ಉಸಿರಾಟ ತೀರ ಕಷ್ಟವಾದಾಗ ಅತ್ತಿಗೆ ಕೆಲವು ವಾರ ರಜೆ ಹಾಕಿದರು. ಅಷ್ಟರಲ್ಲಿ ಬೇರೆ ಕಡೆಯೂ ಆ ಪ್ರೈಮರಿನ ನೆಲಗಳು ಏಳತೊಡಗಿದ್ದವು. ಕಂಪನಿಯ ಕೆಮಿಸ್ಟು ಗಾಬರಿಯಾಗಿ ಮತ್ತೆ ಪರೀಕ್ಷೆ ಮಾಡಿಸಿದರು. ಅತ್ತಿಗೆ ಇಲ್ಲದ್ದರಿಂದ ಚಪ್ಪಡಿಗಳನ್ನು ಬೇರೊಬ್ಬಳು ಮಾಡಿಕೊಟ್ಟಳು. ಎಳೆದು ನೋಡಿದರೆ ಎಲ್ಲವೂ ಫೇಲು, ಬಿಲ್ಲೆಯ ತಳಕ್ಕೆಲ್ಲ ಬಿಳಿ ಪುಡಿ. ಅದೇ ಪ್ರೈಮರು, ಅದೇ ಬಣ್ಣ, ಅದೇ ಅಚ್ಚು. ಕೆಮಿಸ್ಟಿಗೆ ತಲೆ ಕೆಟ್ಟುಹೋಯಿತು. ಅತ್ತಿಗೆ ರಜೆ ಮುಗಿಸಿ ಹೋದ ದಿನ ಅವರ ಪಕ್ಕದಲ್ಲೇ ಬಂದು ನಿಂತರು, ನೀವು ಹೇಗೆ ಮಾಡುತ್ತೀರೋ ಮಾಡಿ, ನೋಡುತ್ತೇನೆ ಎಂದು.

ಅತ್ತಿಗೆ ಒಣಗಿದ ಚಪ್ಪಡಿ ತೆಗೆದು ಮೇಜಿನ ಮೇಲಿಟ್ಟು, ಎಂದಿನಂತೆ ತಂತಿ ಬ್ರಷ್ಷು ತೆಗೆದುಕೊಂಡರು.

"ಅದೇನು ಮಾಡ್ತಿದ್ದೀರಿ?"

"ಉಜ್ತಿದ್ದೀನಿ ಸಾರ್."

"ಉಜ್ಜಬಾರದು ಅಂತಲ್ವಾ ಹೇಳಿದ್ದು?"

"ಮಷೀನ್ ಹಾಕ್ಬೇಡಿ ಅಂದಿದ್ರಿ. ಹಾಕಿಲ್ಲ. ಇದು ಸುಮ್ನೆ ಬ್ರಷ್ಷು. ಬಿಳಿ ಪುಡಿ ನಿಲ್ಲೋ ತನಕ ಅಷ್ಟೇ."

"ಯಾವಾಗಿಂದ ಮಾಡ್ತಿದ್ದೀರಿ ಹೀಗೆ?"

"ಯಾವಾಗ್ಲೂ ಮಾಡ್ತೀನಲ್ಲ ಸಾರ್."

ಆ ಮನುಷ್ಯ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಅಕ್ಕಿ ತೊಳೆದು ಬೇಯಲಿಡುವವಳನ್ನು ಅಕ್ಕಿ ಯಾಕೆ ತೊಳೆದೆ ಎಂದು ಕೇಳಿದರೆ ಹೇಗೋ ಹಾಗೆ. ಚಪ್ಪಡಿಯ ಮೇಲಿನ ಕೆನೆಯನ್ನು ಅವರು ಪರೀಕ್ಷೆಗೆ ಮುಂಚೆಯೇ ಕೈಯಾರೆ ತೆಗೆದುಬಿಡುತ್ತಿದ್ದರು. ಪ್ರೈಮರಿಗೆ ಸಿಕ್ಕುತ್ತಿದ್ದದ್ದು ಒಳಗಿನ ಗಟ್ಟಿ ಕಾಂಕ್ರೀಟು. ಅದಕ್ಕೇ ಕಣಗಳು ಇಳಿದವು, ಅದಕ್ಕೇ ಕಲ್ಲು ಕಿತ್ತುಬಂತು. ಹಾಲಿನ ಕಾರ್ಖಾನೆಯಲ್ಲಿ ಕೆನೆ ದಪ್ಪವಾಗಿತ್ತು. ಪ್ರೈಮರು ಅದರ ಮೇಲ್ಭಾಗವನ್ನಷ್ಟೇ ಗಟ್ಟಿಮಾಡಿತು, ತಳದಲ್ಲಿ ಪುಡಿ ಪುಡಿಯಾಗೇ ಉಳಿಯಿತು. ಯಾರೂ ಅತ್ತಿಗೆಗೆ ಬ್ರಷ್ಷು ಹಿಡಿಯಲು ಹೇಳಿರಲಿಲ್ಲ, ಹಿಡಿಯಬೇಡ ಎಂದೂ ಹೇಳಿರಲಿಲ್ಲ. ಬಚ್ಚಲ ನೆಲದಲ್ಲಿ ಅಣ್ಣ ಹೇಳಿಕೊಟ್ಟದ್ದನ್ನು ಅವರು ಅಷ್ಟು ವರ್ಷವೂ ತಪ್ಪದೆ ಪಾಲಿಸಿದ್ದರು.

ಕೆಮಿಸ್ಟು ಕೆಟ್ಟವರೇನಲ್ಲ, ಹೆದರಿದವರು. ಮೇಲಿನವರ ಜೊತೆ ಮಾತಾಡಿ ಬಂದು ಹೇಳಿದರು, "ಇನ್ನು ಬರೋ ಡಬ್ಬಿಗಳ ಮೇಲೆ ನೆಲ ಉಜ್ಜಿ ಹಾಕಬೇಕು ಅಂತ ಅಚ್ಚು ಹಾಕಿಸ್ತೀವಿ. ಆಗಿದ್ದು ಆಗಿಹೋಯ್ತು. ನೀವು ಹೊರಗೆ ಎಲ್ಲೂ ಬಾಯಿ ಬಿಡಬೇಡಿ, ಬಿಟ್ರೆ ಕೆಲಸ ಉಳಿಯಲ್ಲ." ಆಗ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದೇ ಅತ್ತಿಗೆಯ ಸಂಬಳದಿಂದ, ನನ್ನ ಹೊಲಿಗೆಯಿಂದ ಉಪ್ಪು ಕೂಡ ಸರಿಯಾಗಿ ಬರುತ್ತಿರಲಿಲ್ಲ.

ಅತ್ತಿಗೆ ಇದನ್ನೆಲ್ಲ ಮೊದಲು ಹೇಳಿದ್ದು ನನಗೆ, ಮೆಟ್ಟಿಲ ಮೇಲೆ ಕೂತು. ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಮನ್ನ ಯಾರು ಉಜ್ಜು ಅಂದಿದ್ರು? ಆ ಬ್ರಷ್ಷಿನಲ್ಲಿ ನನ್ನಣ್ಣನ ಬದುಕನ್ನೇ ಉಜ್ಜಿ ಹಾಕಿದ್ರಲ್ಲ ಅತ್ತಿಗೆ!" ಎಂದುಬಿಟ್ಟೆ. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತೋ ಏನೋ. "ನೀನು ಅನ್ನೋದೆಲ್ಲ ಸರಿ. ಅವರಿಗೆ ಹೇಳ್ಬೇಕು ಈಗ. ಜೊತೇಲಿ ಬಾ" ಎಂದು ಎದ್ದರು.

ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಎರಡು ದಿಂಬು ಒತ್ತಿ ಕೂತಿದ್ದ. ಆಗ ಅವನು ಕೂಲಿಗೂ ಹೋಗುತ್ತಿರಲಿಲ್ಲ, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಅತ್ತಿಗೆ ನಿಂತೇ ಎಲ್ಲ ಹೇಳಿದರು, ಒಂದೂ ಬಿಡದೆ. ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿ ಎಂದೂ ಅನ್ನಿಸಿತು.

"ಹಾಗಾದ್ರೆ ನನ್ನ ಕೈ ಕೆಟ್ಟಿರ್ಲಿಲ್ಲ" ಎಂದ.

"ಇಲ್ಲ ರೀ."

"ಬೆರೆಸಿದ್ದು ಸರಿ ಇತ್ತು. ಪಸೆ ಇರ್ಲಿಲ್ಲ."

"ಎಲ್ಲ ಸರಿ ಇತ್ತು."

ಅವನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ಎಷ್ಟೋ ತಿಂಗಳ ಮೇಲೆ. "ಗಂಡ ಹೇಳಿಕೊಟ್ಟಿದ್ದನ್ನ ಯಾವ ಹೆಂಡ್ತಿ ಕೇಳ್ತಾಳೆ ಅಂತಾರೆ ಜನ. ನೀನೊಬ್ಬಳು ಕೇಳಿದ್ಯಲ್ಲೇ ಮಾರಾಯ್ತಿ!" ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅತ್ತಿಗೆ ಬೆನ್ನು ನೀವಿದರು, ನಾನು ನೀರು ತಂದೆ. ಸುಧಾರಿಸಿಕೊಂಡ ಮೇಲೆ ಅವನು ಅತ್ತಿಗೆಯ ಕೈ ಹಿಡಿದು, "ಬೇರೆ ಯಾರಿಗೂ ಗೊತ್ತಾಗೋದು ಬೇಡ. ಆ ಹಾಲಿನ ಮ್ಯಾನೇಜರ್ ಒಬ್ಬರಿಗೆ ಗೊತ್ತಾದ್ರೆ ಸಾಕಿತ್ತು. ನಾನು ಮೋಸಗಾರ ಅಲ್ಲ ಅಂತ ಅವರ ಬಾಯಲ್ಲಿ ಬಂದ್ರೆ ಸಾಕಿತ್ತು" ಎಂದ. ಮರುಗಳಿಗೆಯೇ, "ಬೇಡ ಬಿಡು, ನಿನ್ನ ಕೆಲಸ ಹೋಗುತ್ತೆ" ಎಂದೂ ಅಂದ.

ಅತ್ತಿಗೆ ಕೆಲಸಕ್ಕೆ ಎಳ್ಳುನೀರು ಬಿಟ್ಟೇ ಹೊರಟರು. ಎರಡು ಬಸ್ಸು ಬದಲಾಯಿಸಿ ಹೋಗಬೇಕಾದ ದಾರಿ, ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಹೇಳಬೇಕಾದದ್ದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು.

ಕಾರ್ಖಾನೆಯಲ್ಲಿ ನಮ್ಮನ್ನು ಬಹಳ ಕಾಯಿಸಲಿಲ್ಲ. ಒಳಗೆ ಹೋಗುವಾಗ ಗಾಜಿನ ಕಿಟಕಿಯಿಂದ ಆ ನೆಲ ಕಂಡಿತು. ಈಗ ಅಲ್ಲಿ ಅಂಚಿನಿಂದ ಅಂಚಿಗೆ ಟೈಲ್ಸು. ಮ್ಯಾನೇಜರು ಚೆನ್ನಾಗಿಯೇ ಮಾತಾಡಿಸಿದರು, ಕೂತುಕೊಳ್ಳಿ ಎಂದರು. ಅತ್ತಿಗೆ ಕೂರಲಿಲ್ಲ. ಪ್ರೈಮರು, ಚಪ್ಪಡಿ, ಬ್ರಷ್ಷು ಎಲ್ಲ ಹೇಳಿದರು. ಮಧ್ಯೆ ಮಧ್ಯೆ ಫೋನು ಬರುತ್ತಿತ್ತು, ಆತ ಮಾತಾಡಿ ಇಟ್ಟು, "ಹೂಂ, ಹೇಳೀಮ್ಮ" ಎನ್ನುತ್ತಿದ್ದರು.

"ಯಾವ ಬಣ್ಣ ಅದು?" ಎಂದರು ಕೊನೆಗೆ. "ಓ, ಆ ಹಳೇ ನೆಲದ್ದಾ? ಅದನ್ನೆಲ್ಲ ಕಿತ್ತುಹಾಕಿ ಟೈಲ್ಸ್ ಮಾಡ್ಸಿದ್ವಲ್ಲ. ಯಾರು ಮಾಡಿದ್ರು ಅದನ್ನ?"

"ನಮ್ಮ ಯಜಮಾನ್ರು."

"ಹೌದಾ? ಚೆನ್ನಾಗಿದ್ದಾರಾ?"

"ನೀವು ಅವರನ್ನ ಮೋಸಗಾರ ಅಂದ್ರಿ ಸಾರ್. ಎಲ್ಲರ ಮುಂದೆ."

ಆತ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು, ಅದನ್ನು ನಾನು ಇಲ್ಲವೆನ್ನಲಾರೆ. ಹಣೆ ತಿಕ್ಕಿಕೊಂಡರು. "ನಾನಾ? ಅಂದಿರಬಹುದಮ್ಮ. ಇಲ್ಲಿ ದಿನಾ ಯಾರಿಗಾದ್ರೂ ಬೈತಾನೇ ಇರ್ತೀನಿ, ಎಲ್ಲ ಎಲ್ಲಿ ನೆನಪಿರುತ್ತೆ? ಮನಸ್ಸಿಗೆ ಹಚ್ಕೋಬೇಡಿ." ಮತ್ತೆ ಫೋನು ಬಂತು.

"ನೆನಪಿಲ್ವಾ?" ಎಂದು ನಾನು ಕೂಗಿಬಿಟ್ಟೆ. "ಅವನು ಅಲ್ಲಿ ಗೋಡೆ ಜೊತೆ ಮಾತಾಡ್ಕೊಂಡು ಸಾಯ್ತಿದ್ದಾನೆ, ನಿಮಗೆ ನೆನಪೇ ಇಲ್ವಾ?" ಅತ್ತಿಗೆ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಆತ ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಾಲ್ಕು ಮಾತು ಬೈದು, ಶಾಪ ಹಾಕಿ ಬರಬಹುದಿತ್ತು. ಏನೂ ನೆನಪಿಲ್ಲದವನಿಗೆ ಏನೆಂದು ಶಾಪ ಹಾಕುವುದು?

ಅತ್ತಿಗೆಯ ಕೆಲಸವೂ ಹೋಗಲಿಲ್ಲ. ಆತ ಅದನ್ನು ಕಂಪನಿಗೆ ಹೇಳುವಷ್ಟು ದೊಡ್ಡ ವಿಷಯವೆಂದು ಎಣಿಸಿರಲಿಲ್ಲ.

ಬಸ್ಸಿನಲ್ಲಿ ಅತ್ತಿಗೆ ಒಂದೇ ಮಾತು ಆಡಿದ್ದು. "ಮನೇಲಿ ನೀನು ಬಾಯಿ ಬಿಡ್ಬೇಡ. ನಾನು ಮಾತಾಡ್ತೀನಿ." ಏನು ಮಾತಾಡುತ್ತಾರೆ ಎಂದು ನನಗೆ ಗೊತ್ತಾಯಿತು. ಮದುವೆಯಾಗಿ ಬಂದ ಲಾಗಾಯ್ತು ಸುಳ್ಳು ಹೇಳಿದ ಹೆಂಗಸಲ್ಲ ಅವರು, ಅಭ್ಯಾಸವೂ ಇರಲಿಲ್ಲ.

ಅಣ್ಣ ಗಡ್ಡ ಹೆರೆದುಕೊಂಡು, ತೊಳೆದ ಅಂಗಿ ಹಾಕಿಕೊಂಡು ಕೂತಿದ್ದ. ನಾವು ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ, "ಸಿಕ್ಕಿದ್ರಾ?" ಎಂದ.

"ಸಿಕ್ಕಿದ್ರು. ಕೂರಿಸಿ ಮಾತಾಡಿಸಿದ್ರು. ಎಲ್ಲ ಕೇಳಿಸಿಕೊಂಡ್ರು."

"ಏನಂದ್ರು?"

"ಬಹಳ ಬೇಜಾರು ಮಾಡ್ಕೊಂಡ್ರು ರೀ. ಸಿಟ್ಟಿನಲ್ಲಿ ಅಂದುಬಿಟ್ಟೆ, ನಂದೇ ತಪ್ಪು ಅಂದ್ರು. ಅವರಂಥ ಕೆಲಸಗಾರರನ್ನ ಮೋಸಗಾರ ಅನ್ನಬಾರದಿತ್ತು, ಅವರಿಗೆ ಹೇಳಿ ಅಂದ್ರು."

ಅಣ್ಣನ ಕಣ್ಣು ತುಂಬಿಬಂತು. ನಾನು ಅಡುಗೆಮನೆಯ ಬಾಗಿಲಿಗೆ ಮುಖ ತಿರುಗಿಸಿ ನಿಂತೆ. ನಿಲ್ಲಿಸಿಬಿಡಿ ಅತ್ತಿಗೆ, ಇಷ್ಟಕ್ಕೇ ನಿಲ್ಲಿಸಿ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಆದರೆ ಅಣ್ಣನ ಮುಖ ನೋಡಿ ಅವರಿಗೆ ಇನ್ನಷ್ಟು ಕೊಡಬೇಕೆನ್ನಿಸಿತು.

"ನಿಮ್ಮ ಹೆಸರು ಹಿಡಿದೇ ಅಂದ್ರು" ಎಂದರು. "ನಿಮ್ಮ ಹೆಸರು ಅವರಿಗೆ ಮರೆತೇ ಇಲ್ಲ."

ಅಣ್ಣ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವನು ಹಾಗೇ ಕೈ ನಿಲ್ಲಿಸಿದ. ಅತ್ತಿಗೆಯನ್ನು ನೋಡಿದ, ನನ್ನ ಬೆನ್ನನ್ನೂ ನೋಡಿರಬೇಕು. ಆಮೇಲೆ ಬಹಳ ಮೆಲ್ಲಗೆ, ನೋಯಿಸಬಾರದು ಎನ್ನುವ ಹಾಗೆ ಹೇಳಿದ.

"ಅವರಿಗೆ ನನ್ನ ಹೆಸರು ಗೊತ್ತಿರ್ಲಿಲ್ವಲ್ಲೇ. ಅಲ್ಲಿದ್ದಷ್ಟು ದಿನವೂ ಪೇಂಟರ್, ಪೇಂಟರ್ ಅಂತಲೇ ಕರೀತಿದ್ರು."

ಅತ್ತಿಗೆ ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು. ಅಣ್ಣ ಅವರ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು. ನೀನು ಹೋಗಿ ಹೇಳಿ ಬಂದ್ಯಲ್ಲ, ನನಗೆ ಅಷ್ಟೇ ಸಾಕು" ಎಂದ.

ಸಾಕಾಗಿರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು.